ಬಾಯಲ್ಲಿ ಒಣಗಿದ ಅಕ್ಕಿ

ಹೋದ ತಿಂಗಳು ಮುಂಬಾಗಿಲಿಗೆ ಕಬ್ಬಿಣದ ಗೇಟು ಕೂರಿಸುತ್ತಿದ್ದಾಗ ನಿಮ್ಮಲ್ಲಿ ಚಿಕ್ಕವಳು ನನ್ನ ಪಕ್ಕ ಬಂದು ಕೂತು, "ಅಜ್ಜಿ, ನಿಮ್ ಕಾಲದಲ್ಲಿ ಮನೆಗೆ ಕಳ್ಳರು ಬರ್ತಿರ್ಲಿಲ್ವಾ?" ಎಂದು ಕೇಳಿದಳು. "ನಮ್ಮನೆಗೆ ಯಾವತ್ತೂ ಬರ್ಲಿಲ್ಲ ಕಣೆ" ಎಂದೆ. ಅದು ನಿಜ. ಆದರೆ ಕಳ್ಳರೇ ಬಾರದ ಆ ಮನೆಯಲ್ಲಿ ನಾವು ಒಬ್ಬ ಹೆಂಗಸನ್ನು ಕಳ್ಳಿ ಎಂದು ಹಿಡಿದೆವು. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಆಗದ ಕೆಲಸ. ಒಬ್ಬರ ಎದುರು ಮಾತಾಡುವುದೂ ಕಷ್ಟವೇ. ಬರೆಯುವುದಾದರೆ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರಿನ ಮಠದ ಜಗಲಿಯಲ್ಲಿ ನಾಲ್ಕು ವರ್ಷ ಮಾತ್ರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನಗೆ ಮದುವೆಯಾದದ್ದು ಹದಿನಾರನೆಯ ವರ್ಷದಲ್ಲಿ. ಗಂಡನ ಮನೆ ಶಿವಮೊಗ್ಗದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು. ಮನೆಯಲ್ಲಿದ್ದವರು ಮೂರೇ ಜನ: ನಿಮ್ಮ ಅಜ್ಜ, ಅವರ ತಾಯಿ, ನಾನು. ಅತ್ತೆಯವರಿಗೆ ನಿಮ್ಮ ಅಜ್ಜ ಹುಟ್ಟಿದ ಮಾರನೆಯ ವರ್ಷವೇ ಗಂಡ ತೀರಿಹೋಗಿದ್ದರು. ಒಬ್ಬಳೇ ಹೆಂಗಸು ಮಗುವನ್ನೂ ಮನೆಯನ್ನೂ ಕಾದುಕೊಂಡು ಬಂದಿದ್ದರು. ಆ ಕಾಯುವಿಕೆ ಅವರ ಮೈಯಲ್ಲಿ ಸೇರಿಹೋಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಮುಚ್ಚಿರಬೇಕು. ಇದು ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿ. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಬಾರದು ಅಂತ. ಆದರೆ ನಮ್ಮ ಅತ್ತೆಯವರ ಕೆಲಸ ಶುರುವಾಗುತ್ತಿದ್ದದ್ದು ಅಲ್ಲಿಂದ ಮುಂದೆ. ದೀಪಕ್ಕೆ ಕೈ ಮುಗಿದವರೇ ಒನಕೆ ಹಿಡಿದುಕೊಂಡು ಗೋಡೆಯುದ್ದಕ್ಕೂ ನಡೆಯುತ್ತಿದ್ದರು. ಎರಡು ಮಾರಿಗೊಂದು ಸಲ ಗೋಡೆಯ ಬುಡಕ್ಕೆ ಒನಕೆಯಿಂದ ಮೆಲ್ಲಗೆ ಕುಟ್ಟಿ ಕಿವಿಗೊಡುತ್ತಿದ್ದರು. ಕನ್ನ ಕೊರೆಯುವವರು ಒಂದೇ ದಿನ ಕೊರೆಯುವುದಿಲ್ಲವಂತೆ. ಹೊರಗಿನಿಂದ ದಿನಕ್ಕೆ ಒಂದು ಗೇಣು ಮಣ್ಣು ತೆಗೆದು, ಮೇಲೆ ಸಗಣಿ ಸಾರಿಸಿ ಹೋಗಿರುತ್ತಾರಂತೆ. ಒಳಗೆ ಟೊಳ್ಳು ಸದ್ದು ಬಂದರೆ ಗೊತ್ತಾಗುತ್ತದೆ. ಆಮೇಲೆ ಮುಂಬಾಗಿಲಿಗೆ ಚಿಲಕ, ಅದರ ಮೇಲೆ ಅಡ್ಡ ಅಗುಳಿ. ಹಿತ್ತಲ ಬಾಗಿಲಿನ ಹಿಂದೆ ಹಿತ್ತಾಳೆ ತಂಬಿಗೆಗಳನ್ನು ಒಂದರ ಮೇಲೊಂದು ಮೂರು ಪೇರಿಸಿ ಇಡುವುದು. ಯಾರಾದರೂ ಬಾಗಿಲು ತಳ್ಳಿದರೆ ಉರುಳಿ ಸದ್ದಾಗಬೇಕು.

ಬಂದ ಹೊಸತರಲ್ಲಿ ನನಗೆ ಇದು ನಗು ಬರಿಸುತ್ತಿತ್ತು. ಒಂದು ದಿನ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ನೋಡಿಬಿಟ್ಟರು. ಬೈಯಲಿಲ್ಲ.

"ನಗು ನಗು. ನಂಗೆ ಹನ್ನೆರಡು ವರ್ಷ ಇರುವಾಗ ನಮ್ಮಪ್ಪನ ಮನೆಗೆ ಕನ್ನ ಹಾಕಿದ್ರು. ನನ್ ಮದುವೆಗೆ ಅಂತ ತಂದಿಟ್ಟಿದ್ದ ಸೀರೆ, ಚಿನ್ನ, ಕಡೇಗೆ ಕುಂಕುಮದ ಬಟ್ಲು ಕೂಡ ಬಿಡ್ಲಿಲ್ಲ. ಗಂಡಿನವ್ರು ಈ ಹೆಣ್ಣಿನ ಕಾಲ್ಗುಣ ಸರಿಯಿಲ್ಲ ಅಂತ ಎದ್ದೋದ್ರು. ಆಮೇಲೆ ಎರಡು ವರ್ಷ ನಮ್ಮಮ್ಮ ನನ್ ಮುಖ ನೋಡಿ ಮಾತಾಡ್ಲಿಲ್ಲ" ಎಂದರು.

ಅವತ್ತಿನಿಂದ ನಾನು ನಗಲಿಲ್ಲ. ಅವರ ಹಿಂದೆ ದೀಪ ಹಿಡಿದು ನಡೆಯುತ್ತಿದ್ದೆ.

ಅತ್ತೆಯವರ ಹತ್ತಿರ ಒಂದು ಅವಲಕ್ಕಿ ಸರ ಇತ್ತು. ಅವಲಕ್ಕಿಯ ಹಾಗೆ ಚಪ್ಪಟೆಯಾದ ಚಿನ್ನದ ಬಿಲ್ಲೆಗಳನ್ನು ಪೋಣಿಸಿದ್ದು. ತಾವು ಹಾಕುವಂತಿರಲಿಲ್ಲ, ನನಗೆ ಮೊದಲ ಮಗುವಾದಾಗ ತೊಟ್ಟಿಲ ದಿನ ನನ್ನ ಕೊರಳಿಗೆ ಹಾಕಬೇಕೆಂದು ಇಟ್ಟಿದ್ದರು. ಅದನ್ನು ಒಂದೇ ಕಡೆ ಇಡುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಜಾಗ ಬದಲಾಯಿಸುತ್ತಿದ್ದರು. ಒಂದು ತಿಂಗಳು ಅಕ್ಕಿ ಡಬ್ಬದಲ್ಲಿ, ಒಂದು ತಿಂಗಳು ಸೀಗೆಪುಡಿಯ ಗಡಿಗೆಯಲ್ಲಿ, ಇನ್ನೊಂದು ತಿಂಗಳು ದೇವರ ಪೀಠದ ಕೆಳಗೆ. ನನಗೂ ಹೇಳುತ್ತಿರಲಿಲ್ಲ. "ನಿಂಗೆ ಗೊತ್ತಿದ್ರೆ ನಿನ್ ಕಣ್ಣು ಆ ಕಡೆ ಹೋಗುತ್ತೆ. ಕಳ್ಳರು ನೋಡೋದು ಕಣ್ಣನ್ನೇ" ಎನ್ನುತ್ತಿದ್ದರು.

ಮದುವೆಯಾಗಿ ಎರಡು ವರ್ಷಕ್ಕೆ ನಿಮ್ಮ ಅಜ್ಜನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳು ರೈಲಿನಲ್ಲಿ ಓಡಾಡಿದರು. ಪಾಳಿ ಬದಲಾದಾಗ ರೈಲು ಹೊಂದುತ್ತಿರಲಿಲ್ಲ. ಕಡೆಗೆ ಅಲ್ಲೇ ಒಂದು ಲೈನ್ ಮನೆ ಕೊಟ್ಟರು. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಇಪ್ಪತ್ತನಾಲ್ಕು ಮನೆಗಳು. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಸೊಂಟದೆತ್ತರದ ಗೋಡೆಯ ಹಿತ್ತಲು. ಬೀದಿಯ ನಡುವೆ ಎಲ್ಲರಿಗೂ ಒಂದೇ ನಲ್ಲಿ. ಅತ್ತೆಯವರು ಹೋದ ದಿನವೇ ಗೋಡೆ ಕುಟ್ಟಿ ನೋಡಿದರು. ಇಟ್ಟಿಗೆಯ ಗೋಡೆ. "ಇದಕ್ಕೆ ಕನ್ನ ಹಾಕೋಕಾಗಲ್ಲ" ಎಂದು ಮುಖ ಅರಳಿಸಿದರು. ಮರುಗಳಿಗೆಯೇ ಪಕ್ಕದ ಮನೆಗಳಿಂದ ತಮಿಳು, ತೆಲುಗು, ಇನ್ನೇನೋ ಮಾತು ಕೇಳಿಸಿತು. ಮುಖ ಮುದುಡಿತು. "ಯಾವ್ಯಾವ ದೇಶದೋರೋ. ಹಿತ್ಲ ಬಾಗ್ಲು ಹಗಲೂ ತೆಗೀಬಾರ್ದು ನೋಡು. ಪಾತ್ರೆ ತೊಳಿಯೋಕೆ ನಾನು ಇದ್ದಾಗ ಮಾತ್ರ ತೆಗಿ" ಎಂದು ನನಗೆ ಅಪ್ಪಣೆಯಾಯಿತು.

ನಮ್ಮ ಬಲಗಡೆಯ ಮನೆಯಲ್ಲಿದ್ದವರು ಸೇಲಂ ಕಡೆಯ ಗಂಡಹೆಂಡತಿ. ಗಂಡ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದ. ಬೆಂಕಿಯ ಎದುರು ನಿಂತು ನಿಂತು ಮುಖ ಕಂದಿಹೋಗಿತ್ತು. ಆಕೆಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ಮಕ್ಕಳಿರಲಿಲ್ಲ. ಆಕೆಯ ಹೆಸರು ನನಗೆ ಚೆನ್ನಾಗಿ ನೆನಪಿದೆ. ಆದರೆ ಆಕೆಯನ್ನು ಕೇಳದೆ ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ತಂಗಚ್ಚಿ ಎನ್ನುತ್ತಿದ್ದರು; ತಮಿಳಿನಲ್ಲಿ ತಂಗಿ ಎಂದ ಹಾಗೆ.

ಪರಿಚಯವಾದದ್ದು ನಲ್ಲಿಯ ಹತ್ತಿರ. ನನ್ನ ಸರದಿ ಬಂದರೂ ನಾನು ಬಿಂದಿಗೆ ಮುಂದಿಡಲು ನಾಚಿ ನಿಂತಿರುತ್ತಿದ್ದೆ. ಹಿಂದಿನವರೆಲ್ಲ ಮುಂದೆ ಹೋಗುತ್ತಿದ್ದರು. ಒಂದು ದಿನ ಆಕೆ ನನ್ನ ಬಿಂದಿಗೆಯನ್ನು ಕಿತ್ತುಕೊಂಡು ನಲ್ಲಿಯ ಕೆಳಗೆ ಕುಕ್ಕಿ, ಉಳಿದವರ ಕಡೆ ತಿರುಗಿ, "ಈ ಪೊಣ್ಣು ಬಾಯಿ ಇಲ್ಲ ಅಂತ ನೀರೂ ಬೇಡವಾ?" ಎಂದು ಗದರಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆವತ್ತಿನಿಂದ ನನ್ನ ಬಿಂದಿಗೆಯನ್ನು ಯಾರೂ ಹಿಂದೆ ತಳ್ಳಲಿಲ್ಲ.

ಆಕೆಗೆ ಕನ್ನಡ ಅಕ್ಷರ ಕಲಿಯುವ ಆಸೆ. ಅಂಗಡಿಯ ಹಲಗೆ ಓದಬೇಕು, ಗಂಡ ಕೂಲಿಯ ದಿನ ಹೆಬ್ಬೆಟ್ಟು ಒತ್ತುವುದನ್ನು ಕಂಡು ನಾಚಿಕೆ, ತಾನಾದರೂ ಒಂದು ಹೆಸರು ಬರೆಯಬೇಕು ಅಂತ. ಅತ್ತೆಯವರು ಊಟವಾದ ಮೇಲೆ ಒಂದು ಗಂಟೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹಿತ್ತಲ ಬಾಗಿಲಿನ ಚಿಲಕ ಸದ್ದಾಗದಂತೆ ಎತ್ತುತ್ತಿದ್ದೆ. ಆಕೆ ಗೋಡೆ ದಾಟಿ ಬಂದು ಬಚ್ಚಲಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಡೆದ ಹೆಂಚಿನ ಮೇಲೆ ಇದ್ದಿಲಿನಿಂದ ನಾನು ಬರೆದದ್ದನ್ನು ಆಕೆ ತಿದ್ದುತ್ತಿದ್ದರು. ಒತ್ತಕ್ಷರ ಬಂದರೆ, "ಇದೇನು ತಂಗಚ್ಚಿ, ಅಕ್ಷರದ ಕಾಲಿಗೆ ಇನ್ನೊಂದು ಅಕ್ಷರ ಕಟ್ಟಿದಾರೆ!" ಎಂದು ಕಿಸಕ್ಕನೆ ನಗುತ್ತಿದ್ದರು. ನಾನು ಉಶ್ ಎನ್ನುತ್ತಿದ್ದೆ. ನನ್ನಿಂದ ಇನ್ನೊಬ್ಬರು ಏನಾದರೂ ಕಲಿತದ್ದು ಅದೊಂದೇ ಸಲ. ನಾನು ಮಾತಾಡಿದ್ದೂ ಅಷ್ಟು ಯಾರ ಹತ್ತಿರವೂ ಇಲ್ಲ.

ಭದ್ರಾವತಿಯಲ್ಲಿ ಆಗ ಚಳಿಜ್ವರ ಮನೆಮನೆಯಲ್ಲಿ. ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಅತ್ತೆಯವರಿಗೂ ಹಿಡಿಯಿತು. ನಾಲ್ಕು ದಿನ ಮೈ ಕಾದ ಹಂಚು. ಏನೇನೋ ಬಡಬಡಿಸುತ್ತಿದ್ದರು. "ಕುಟ್ತಿದಾರೆ, ಗೋಡೆ ಕುಟ್ತಿದಾರೆ" ಎಂದು ಎದ್ದು ಕೂರುತ್ತಿದ್ದರು. ಅದು ಅವರ ತಲೆಯೊಳಗಿನ ಸದ್ದೇ ಇರಬೇಕು. ಕ್ವಿನೈನು ಕುಡಿಸಿ, ಒದ್ದೆ ಬಟ್ಟೆ ಹಾಕಿ ನೋಡಿಕೊಂಡೆ. ನನಗೂ ಆಗ ನಾಲ್ಕನೆಯ ತಿಂಗಳು. ವಾಕರಿಕೆ ತಡೆಯಲು ಯಾವಾಗಲೂ ಒಂದು ಎಸಳು ಹುಣಸೆಹಣ್ಣನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದೆ. ಪಕ್ಕದ ಅಕ್ಕ ಎರಡು ಮಧ್ಯಾಹ್ನ ಹಿತ್ತಲಿನಿಂದ ಬಂದು ನನಗೆ ಗಂಜಿ ಕೊಟ್ಟು, ಅತ್ತೆಯವರ ಕಾಲು ತಿಕ್ಕಿ ಹೋದರು. ಅತ್ತೆಯವರಿಗೆ ಮೈಮೇಲೆ ಎಚ್ಚರವಿರಲಿಲ್ಲ.

ಜ್ವರ ಬಿಟ್ಟು ಎದ್ದ ಮೇಲೆ ಬಂದ ಅಮಾವಾಸ್ಯೆಯ ದಿನ ಅತ್ತೆಯವರು ಸರದ ಜಾಗ ಬದಲಾಯಿಸಲು ಹೋದರು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಡಬ್ಬಗಳು ಉರುಳುವ ಸದ್ದು. ಹೋಗಿ ನೋಡಿದರೆ ಅಕ್ಕಿ, ಬೇಳೆ, ಸೀಗೆಪುಡಿ ಎಲ್ಲ ನೆಲದ ಮೇಲೆ. ನಡುವೆ ಅವರು ಕೂತಿದ್ದರು.

"ಸರ ಇಲ್ಲ" ಎಂದರು. ಆಮೇಲೆ ತಲೆಯೆತ್ತಿ, "ನಂಗೆ ಜ್ವರ ಬಂದಾಗ ಹಿತ್ಲ ಬಾಗ್ಲು ತೆಗ್ದಿದ್ಯಾ?" ಎಂದು ಕೇಳಿದರು.

ನಾನು ಇಲ್ಲವೆಂದು ತಲೆಯಾಡಿಸಿದೆ.

ಮಾತಲ್ಲಿ ಸುಳ್ಳು ಹೇಳಲಿಲ್ಲ, ತಲೆಯನ್ನಷ್ಟೇ ಆಡಿಸಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದುಂಟು. ಅದರಿಂದ ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಹಾಲು ಹಾಕಲು ಬಂದವಳ ಹತ್ತಿರ ಅತ್ತೆಯವರು ಅಳುತ್ತಾ ಹೇಳಿಕೊಂಡಾಗ ಅವಳು, "ಅಯ್ಯೋ ಅಮ್ಮ, ಈ ಪಕ್ಕದ ತಮಿಳಮ್ಮ ನಿಮ್ ಹಿತ್ಲ ಬಾಗ್ಲಿಂದ ಹೊರಗೆ ಬಂದಿದ್ದನ್ನ ನಾನೇ ನೋಡಿದೀನಿ. ನೀವು ಮಲಗಿದ್ರಲ್ಲ, ಆವಾಗ" ಎಂದಳು. ಅವಳು ಕಂಡದ್ದನ್ನೇ ಹೇಳಿದ್ದಳು. ಬಾಗಿಲು ತೆಗೆದವಳು ನಾನು ಎಂದು ಹೇಳಿದ್ದರೆ ಪಕ್ಕದ ಮನೆಯಾಕೆ ಬಂದದ್ದು ಉಪಕಾರವಾಗುತ್ತಿತ್ತು. ನಾನು ತೆಗೆದಿಲ್ಲವೆಂದ ಮೇಲೆ ಅದು ಕಳ್ಳತನವಾಯಿತು.

ಪೊಲೀಸರನ್ನು ಕರೆಯುವ ಮಾತು ಬರಲಿಲ್ಲ. ಮನೆಯ ಹೊಸ್ತಿಲಿಗೆ ಪೊಲೀಸರು ಬಂದರೆ ಮರ್ಯಾದೆ ಹೋಗುತ್ತದೆ ಎನ್ನುವ ಕಾಲ. ಶಿವಮೊಗ್ಗದಲ್ಲಿ ರಾಗಿಗುಡ್ಡದ ಆಚೆ ಒಬ್ಬ ಮುದುಕರಿದ್ದರು. ಅಕ್ಕಿ ಮಂತ್ರಿಸಿ ಕೊಡುತ್ತಿದ್ದರು. ಅನುಮಾನವಿದ್ದವರಿಗೆಲ್ಲ ಆ ಅಕ್ಕಿಯನ್ನು ಒಂದೊಂದು ಹಿಡಿ ಅಗಿಯಲು ಕೊಡಬೇಕು. ಅಗಿದು ಎಲೆಯ ಮೇಲೆ ಉಗಿಯಬೇಕು. ಕದಿಯದವರ ಬಾಯಿಂದ ಹಸಿಯಾಗಿ ಬರುತ್ತದೆ; ಕದ್ದವರ ಬಾಯಲ್ಲಿ ಜೊಲ್ಲು ಇಂಗಿ, ಹಿಟ್ಟು ಹಾಗೇ ಒಣಗಿ ಬರುತ್ತದೆ. ಇದನ್ನು ನಾವೆಲ್ಲ ನಂಬಿದ್ದೆವು. ನಾನೂ ನಂಬಿದ್ದೆ. ನಿಮ್ಮ ಅಜ್ಜ ಮಾತ್ರ, "ಅಮ್ಮ, ಇದೆಲ್ಲ ಬೇಡ. ಮನೇಲೇ ಇನ್ನೊಂದ್ಸಲ ಹುಡುಕೋಣ" ಎಂದರು. "ನೀನು ಸುಮ್ನಿರು. ಗಂಡಸರಿಗೆ ಇದು ತಿಳಿಯಲ್ಲ" ಎಂದು ಅತ್ತೆಯವರು ರೈಲು ಹತ್ತಿ ಹೋಗಿ ಅಕ್ಕಿ ತಂದೇಬಿಟ್ಟರು.

ಬೆಳಗಿನ ಪಾಳಿಯ ಕೂಗು ಆಗಿ ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ನಮ್ಮ ಮುಂದಿನ ಜಗಲಿಯ ಮೇಲೆ ಮೂರು ಮುತ್ತುಗದ ಎಲೆ ಹಾಸಿದರು. ಒಂದು ಹಾಲಿನವಳಿಗೆ, ಒಂದು ಪಕ್ಕದ ಅಕ್ಕನಿಗೆ, ಒಂದು ನನಗೆ. "ನಮ್ಮನೆಯವಳನ್ನ ಬಿಟ್ರೆ ಜನ ಆಡ್ಕೋತಾರೆ. ನೀನೂ ಅಗಿ" ಎಂದಿದ್ದರು ಅತ್ತೆ. ನಲ್ಲಿಗೆ ಬಂದ ಹೆಂಗಸರು ಬಿಂದಿಗೆ ಬಿಟ್ಟು ಸುತ್ತ ನಿಂತರು.

"ನಂಗೂ ಒಂದು ಹಿಡಿ ಕೊಡ್ರಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದಳು ಒಬ್ಬಳು.

"ತಿಂದ್ರೆ ಆಗ್ಲಿಲ್ಲ ಮಾರಾಯ್ತಿ, ಉಗೀಬೇಕು" ಎಂದಳು ಇನ್ನೊಬ್ಬಳು.

ಹಾಲಿನವಳು ಮೊದಲು ಕೂತಳು. "ಹಾಲಿಗೆ ನೀರು ಹಾಕ್ತೀಯಾ ಅಂತ ಅಕ್ಕಿ ಕೊಟ್ಟಿದ್ರೆ ಹೆದರ್ತಿದ್ದೆ. ಸರಕ್ಕೇನು ಭಯ!" ಎಂದು ಎಲ್ಲರನ್ನೂ ನಗಿಸಿ, ಅಗಿದು ಉಗಿದಳು. ಹಸಿಯಾಗಿಯೇ ಇತ್ತು.

ಆಮೇಲೆ ನಾನು. ದವಡೆಯಲ್ಲಿ ಹುಣಸೆಹಣ್ಣಿತ್ತು. ಬೇಕೆಂದು ಇಟ್ಟುಕೊಂಡದ್ದಲ್ಲ, ಮರೆತಿದ್ದೆ. ಅಕ್ಕಿ ಬಾಯಿಗೆ ಹಾಕುತ್ತಲೇ ನೀರೂರಿ ತುಟಿಯಿಂದ ಸೋರಿತು. ಎಲೆಯ ಮೇಲೆ ಗಂಜಿಯಂತೆ ಬಿತ್ತು. "ನಮ್ಮ ಹುಡುಗಿ ಗಂಗೆ!" ಎಂದು ಯಾರೋ ಅಂದರು.

ಅಕ್ಕ ಆ ತನಕ ನಗುತ್ತಲೇ ನಿಂತಿದ್ದರು. ಇದು ನಮ್ಮ ಕಡೆಯ ಯಾವುದೋ ಪೂಜೆ ಎಂದುಕೊಂಡಿದ್ದರೋ ಏನೋ. ತನ್ನ ಕೈಗೆ ಅಕ್ಕಿ ಬಂದಾಗ ಮುಖ ಗಂಭೀರವಾಯಿತು.

"ಇವತ್ತು ಬಾಯಿಗೆ ಏನೂ ಹಾಕಕೂಡದು ಅಮ್ಮ. ಸಾಮಿಗೆ..." ಎಂದು ತಡವರಿಸಿದರು. ಮಾತು ಸಿಗಲಿಲ್ಲ. ನನ್ನ ಕಡೆ ತಿರುಗಿ, "ತಂಗಚ್ಚಿ, ನೀ ಸೊಲ್ಲು... ನೀ ಹೇಳು" ಎಂದರು.

ನನಗೆ ಗೊತ್ತಿತ್ತು. ಅವತ್ತು ಷಷ್ಠಿ. ಮಗುವಾಗಲಿ ಎಂದು ಆಕೆ ಪ್ರತಿ ಷಷ್ಠಿಗೂ ಸುಬ್ರಹ್ಮಣ್ಯನಿಗೆ ಉಪವಾಸ ಇರುತ್ತಿದ್ದರು. ಹಿಂದಿನ ಸಂಜೆಯಿಂದ ಮಾರನೆಯ ದೀಪದ ಹೊತ್ತಿನ ತನಕ ಒಂದು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಅದನ್ನು ನನಗೆ ಹೇಳಿದ್ದು ಬಚ್ಚಲ ಕಟ್ಟೆಯ ಮೇಲೆ ಕೂತು. ಈಗ ನಾನು ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಅತ್ತೆಯವರು ಕೇಳುತ್ತಾರೆ. ಹೇಗೆ ಗೊತ್ತು ಎಂದರೆ ಹಿತ್ತಲ ಬಾಗಿಲು. ಇಪ್ಪತ್ತು ಜನ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ.

"ತಿನ್ನು ಅಂದ್ನಾ? ಅಗಿದು ಉಗಿ ಅಂದೆ. ಕದೀದೇ ಇದ್ದೋಳಿಗೆ ಯಾಕೆ ಅಂಜಿಕೆ?" ಎಂದರು ಅತ್ತೆ.

ಕದಿಯುವುದು ಎಂಬ ಮಾತು ಆಕೆಗೆ ಅರ್ಥವಾದದ್ದು ಆಗ. ಸುತ್ತ ಒಮ್ಮೆ ನೋಡಿದರು. ಮತ್ತೆ ನನ್ನ ಕಡೆ ನೋಡಿದರು. ಆಮೇಲೆ ಕೂತು, ಕಣ್ಣು ಮುಚ್ಚಿ, ಏನೋ ಹೇಳಿಕೊಂಡು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಅಗಿಯುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು. ಉಗಿದಾಗ ಎಲೆಯ ಮೇಲೆ ಬಿದ್ದದ್ದು ಬಿಳಿಯ ಪುಡಿ. ಗಾಳಿಗೆ ಸ್ವಲ್ಪ ಹಾರಿತು ಕೂಡ.

ಯಾರೂ ಕೂಗಾಡಲಿಲ್ಲ. "ಸರ ತಂದ್ಕೊಟ್ಬಿಡು, ನಾನು ಯಾರಿಗೂ ಹೇಳಲ್ಲ" ಎಂದರು ಅತ್ತೆ, ಇಡೀ ಬೀದಿಯ ಎದುರು. ಅಕ್ಕ ಎದ್ದು, ಸೆರಗಿನಿಂದ ತುಟಿಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡು ತಮ್ಮ ಮನೆಗೆ ಹೋದರು.

ಮಾರನೆಯ ದಿನದಿಂದ ನಲ್ಲಿಯ ಹತ್ತಿರ ಆಕೆಯ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಆಕೆ ಕಡೆಯವರೆಗೆ ನಿಂತು, ಎಲ್ಲರೂ ಹೋದ ಮೇಲೆ ನೀರು ಹಿಡಿಯುತ್ತಿದ್ದರು. ಬಾಣಂತಿಯಿದ್ದ ಮನೆಯವರು ಆಕೆ ಎದುರು ಬಂದರೆ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಆಕೆಯ ಗಂಡನಿಗೆ ಕುಲುಮೆಯ ಹತ್ತಿರ ಜೊತೆಯವರು, "ನಿಂಗೇನಪ್ಪ, ಮನೇಲೇ ಚಿನ್ನದ ಗಣಿ ಇದೆ" ಎಂದರಂತೆ. ಅವನು ಬಡಿದಾಡಿಕೊಂಡು ಬಂದ. ಹಿತ್ತಲ ಗೋಡೆಯ ಆಚೆಯಿಂದ ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಚಿಲಕ ಎತ್ತಲಿಲ್ಲ.

ಹೀಗೆ ಸುಮಾರು ಒಂದು ತಿಂಗಳು ಹೋಯಿತು. ಮಳೆ ಹಿಡಿದಿತ್ತು. ಹಿತ್ತಲಿನಲ್ಲಿ ನಾನು ಹಬ್ಬಿಸಿದ್ದ ಚಪ್ಪರದವರೆ ಬಳ್ಳಿಗೆ ಹೇನು ಹತ್ತಿತು. ಬೂದಿ ಚೆಲ್ಲಿದರೆ ಹೋಗುತ್ತದೆ ಎಂದು ಒಂದು ಮಧ್ಯಾಹ್ನ ಬಚ್ಚಲಿನ ಮೂಲೆಯಲ್ಲಿದ್ದ ದೊಡ್ಡ ಬೂದಿಯ ಮಡಕೆಯನ್ನು ಎಳೆದೆ. ಪಾತ್ರೆ ಬೆಳಗಲು ಮೇಲಿನಿಂದ ಒಂದು ಹಿಡಿ ತೆಗೆಯುವುದು, ಒಲೆಯದನ್ನು ತಂದು ಮತ್ತೆ ಸುರಿಯುವುದು. ಅದರ ತಳವನ್ನು ಯಾರೂ ನೋಡುತ್ತಿರಲಿಲ್ಲ. ಅವತ್ತು ಎರಡೂ ಕೈ ಹಾಕಿ ಮೊಗೆದೆ. ಬೆರಳಿಗೆ ಬಟ್ಟೆಯ ಗಂಟು ಸಿಕ್ಕಿತು.

ಅತ್ತೆಯವರ ಹಳೆಯ ಸೀರೆಯ ಚೂರು. ಒಳಗೆ ಸರ. ಜ್ವರದ ತಾಪದಲ್ಲಿ, ಗೋಡೆ ಕುಟ್ಟುವ ಸದ್ದು ಕೇಳಿ, ಅವರೇ ಎದ್ದು ತಂದು ಹುಗಿದಿದ್ದರು. ಅದು ಅವರಿಗೆ ನೆನಪೇ ಇರಲಿಲ್ಲ.

ಒಳಗೆ ಹೋಗಿ ಅವರ ಮುಂದೆ ಹಿಡಿದೆ. ಬಟ್ಟೆಯನ್ನು ನೋಡಿದರು, ಸರವನ್ನು ನೋಡಿದರು, ಬೂದಿ ಹತ್ತಿದ ನನ್ನ ಕೈ ನೋಡಿದರು. ಗೋಡೆಗೆ ಒರಗಿ ಕೂತುಬಿಟ್ಟರು.

"ನಾನೇ ಇಟ್ನಾ?" ಎಂದು ಕೇಳಿದರು, ಚಿಕ್ಕ ಹುಡುಗಿಯ ಹಾಗೆ.

ಆಮೇಲೆ ಸರವನ್ನು ನನ್ನ ಕೈಯಿಂದ ತೆಗೆದುಕೊಂಡು, "ಯಾರಿಗೂ ಹೇಳ್ಬೇಡ. ದೇವರ ಹೆಸರಲ್ಲಿ ಅಕ್ಕಿ ಕೊಟ್ಟಿದೀನಿ. ಈಗ ಸಿಕ್ತು ಅಂದ್ರೆ ನನ್ ಮಗ ಈ ಬೀದಿಲಿ ತಲೆ ಎತ್ತಿ ಓಡಾಡೋದು ಹೆಂಗೆ?" ಎಂದರು.

ಪಕ್ಕದ ಮನೆಯಲ್ಲಿ ಪಾತ್ರೆಗಳನ್ನು ಮೂಟೆ ಕಟ್ಟುವ ಸದ್ದು ಆಗಲೇ ಕೇಳುತ್ತಿತ್ತು. ಮರುದಿನ ಬೆಳಗಿನ ರೈಲಿಗೆ ಅವರು ಮನೆ ಖಾಲಿ ಮಾಡುವುದು ಬೀದಿಗೆಲ್ಲ ಗೊತ್ತಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ಅಕ್ಕ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಬಾಗಿಲ ತನಕ ಹೋದೆ. ಚಿಲಕದ ಮೇಲೆ ಕೈಯಿಟ್ಟೆ. ಅತ್ತೆಯವರು ಹಿಂದಿನಿಂದ ನೋಡುತ್ತಿದ್ದರು. ತಡೆಯಲಿಲ್ಲ. ಕೈ ತೆಗೆದು ಒಳಗೆ ಬಂದೆ.

ಮಕ್ಕಳೇ, ಅತ್ತೆಯವರು ಹೆದರಿಸಿದರು ಎಂದು ಬರೆದರೆ ನನಗೆ ಹಗುರವಾಗುತ್ತದೆ. ಆದರೆ ಅವತ್ತು ಅವರು ನನ್ನನ್ನು ಹೆದರಿಸುವ ಸ್ಥಿತಿಯಲ್ಲಿರಲಿಲ್ಲ. ಹೇಳುವುದು ಬಿಡುವುದು ನನ್ನ ಕೈಯಲ್ಲೇ ಇತ್ತು.

ಪಕ್ಕದ ಮನೆಯವರು ಹೋದ ದಿನ ನಿಮ್ಮ ಅಜ್ಜ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ತಡವಾಗಿ ಬಂದರು. ಊಟಕ್ಕೆ ಬಡಿಸುತ್ತಾ ಎಲ್ಲ ಹೇಳಿದೆ. ಸರ, ಷಷ್ಠಿ, ಹಿತ್ತಲ ಬಾಗಿಲು, ಅಕ್ಷರ ಎಲ್ಲ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಓಡಿದರು. ರೈಲು ಹೋಗಿ ಬಹಳ ಹೊತ್ತಾಗಿತ್ತು. ಆಮೇಲೆ ಕಾರ್ಖಾನೆಯಲ್ಲಿ ಸಿಕ್ಕಸಿಕ್ಕವರನ್ನು ಕೇಳಿದರು. ಒಬ್ಬರು ಸೇಲಂ ಎಂದರು, ಒಬ್ಬರು ಕೋಲಾರದ ಗಣಿ ಎಂದರು. ಎರಡು ಕಾಗದ ಬರೆದರು. ಯಾವ ವಿಳಾಸಕ್ಕೆ ಹಾಕಿದರೋ, ಉತ್ತರ ಬರಲಿಲ್ಲ.

ಸರವನ್ನು ನಾನು ಹಾಕಿಕೊಳ್ಳುವಂತಿರಲಿಲ್ಲ. ಹಾಕಿಕೊಂಡರೆ ಬೀದಿಯವರು ಗುರುತು ಹಿಡಿಯುತ್ತಾರೆ. ಅತ್ತೆಯವರು ಅದನ್ನು ಶಿವಮೊಗ್ಗಕ್ಕೆ ಕೊಂಡುಹೋಗಿ ಅಕ್ಕಸಾಲಿಗರ ಹತ್ತಿರ ಕರಗಿಸಿ ಎರಡು ಬಳೆ ಮಾಡಿಸಿದರು. ನಿಮ್ಮ ಅಮ್ಮ ಹುಟ್ಟಿ, ತೊಟ್ಟಿಲಿಗೆ ಹಾಕಿದ ದಿನ ನನ್ನ ಕೈಗೆ ತೊಡಿಸಿದರು. "ತವರಿಂದ ಬಂತಾ?" ಎಂದು ಲೈನಿನ ಹೆಂಗಸರು ಕೇಳಿದಾಗ, ಅತ್ತೆಯವರು ಹೂಂ ಎಂದರು. ನಿಮ್ಮ ಅಮ್ಮನ ಕೈಯಲ್ಲಿ ಹಬ್ಬದ ದಿನ ನೀವು ನೋಡುವುದು ಆ ಬಳೆಗಳನ್ನೇ. ಅವಳಿಗೂ ಈ ವಿಷಯ ಗೊತ್ತಿಲ್ಲ.

ಆ ಮಾತನ್ನು ಅತ್ತೆಯವರು ಬದುಕಿರುವ ತನಕ ಮತ್ತೆ ಎತ್ತಲಿಲ್ಲ. ಆದರೆ ಅಲ್ಲಿಂದ ಮುಂದೆ ಪ್ರತಿ ಷಷ್ಠಿಯ ದಿನ ಅವರು ಏನೂ ತಿನ್ನುತ್ತಿರಲಿಲ್ಲ. ನೀರೂ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ತೊಂಬತ್ತು ಮೈಲಿ ನಡೆದವರಂತೆ ತುಟಿ ಒಣಗಿಸಿಕೊಂಡು, ಗೋಡೆಗೆ ಒರಗಿ ಕೂತಿರುತ್ತಿದ್ದರು. ಗೋಡೆ ಕುಟ್ಟುವುದನ್ನು ಬಿಟ್ಟುಬಿಟ್ಟರು.

ಅವರು ತೀರಿಕೊಂಡ ಮೇಲೆ, ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, ನಿಮ್ಮ ಅಜ್ಜನೂ ಎದೆಯ ಕಾಯಿಲೆಯಲ್ಲಿ ಹೋದರು. ನಾನು ನಿಮ್ಮ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗದ ಮನೆಗೆ ಬಂದುಬಿಟ್ಟೆ. ಮೂರು ನಾಲ್ಕು ವರ್ಷವಾದ ಮೇಲೆ ಅವರ ಕೆಲಸದ ಯಾವುದೋ ಕಾ‌ಗದಕ್ಕೆ ರುಜು ಹಾಕಲು ಭದ್ರಾವತಿಗೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು. ವಾಪಸು ರೈಲಿಗೆ ಹೊತ್ತಿತ್ತು. ಕಾಲು ತಾನಾಗಿ ಲೈನಿನ ಕಡೆ ಹೋಯಿತು.

ಅಕ್ಕ ಇದ್ದ ಮನೆಯ ಮುಂದೆ ಒಬ್ಬ ಹೆಂಗಸು ಬಿಂದಿಗೆ ಬೆಳಗುತ್ತಿದ್ದಳು. ನನಗೆ ಗುರುತಿರಲಿಲ್ಲ.

"ಯಾರು ಬೇಕಿತ್ತಮ್ಮ?" ಎಂದಳು.

"ಇಲ್ಲಿ ಮುಂಚೆ ಒಂದು ತಮಿಳರ ಸಂಸಾರ ಇತ್ತು. ಮತ್ತೆ ಯಾವಾಗ್ಲಾದ್ರೂ ಈ ಕಡೆ ಬಂದಿದ್ರಾ ಅಂತ..."

"ಓ, ಆ ಸರ ಕದ್ದೋಳಾ? ನಾವು ಈ ಮನೆಗೆ ಬಂದಾಗ ಎಲ್ರೂ ಅದನ್ನೇ ಹೇಳಿದ್ರು. ನಾವು ನೋಡಿಲ್ಲಮ್ಮ ಅವಳನ್ನ."

ಹತ್ತು ವರ್ಷವಾಗಿತ್ತು. ಆಕೆಯ ನಗು ಅಲ್ಲಿ ಯಾರಿಗೂ ನೆನಪಿರಲಿಲ್ಲ. ನಲ್ಲಿಯ ಹತ್ತಿರ ಆಕೆ ಜೋರು ಮಾಡುತ್ತಿದ್ದದ್ದು ನೆನಪಿರಲಿಲ್ಲ. ಊರು, ಹೆಸರು ಯಾವುದೂ ಇರಲಿಲ್ಲ. ಉಳಿದಿದ್ದದ್ದು ಇದೊಂದೇ.

"ಆಕೆ ಕದ್ದಿಲ್ಲ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಸರ ನಮ್ದು. ನಮ್ಮನೇಲೇ ಸಿಕ್ತು, ಬೂದಿ ಮಡಕೇಲಿ. ನಾವಿದ್ದದ್ದು ಈ ಪಕ್ಕದ ಮನೇಲಿ. ಬಾಗ್ಲು ತೆಗ್ದು ಆಕೆನ ಒಳಗೆ ಕರೀತಿದ್ದೋಳು ನಾನು."

ಅವಳು ಬೆಳಗುವುದನ್ನು ನಿಲ್ಲಿಸಿ ನನ್ನ ಬೋಳು ಹಣೆಯನ್ನೂ ಮುಖವನ್ನೂ ನೋಡಿದಳು. "ಅಯ್ಯೋ ಪಾಪ" ಎಂದಳು. ಯಾರಿಗೆ ಪಾಪ ಎಂದಳೋ ತಿಳಿಯಲಿಲ್ಲ. "ಹೋಗ್ಲಿ ಬಿಡಿ ಅಮ್ಮ. ಯಾವ ಕಾಲದ್ದೋ ಏನೋ. ನೀರು ಕುಡೀತೀರಾ?"

ಬೇಡವೆಂದೆ. ಅವಳು ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಒಬ್ಬಳಿಗೆ ಹೇಳಿದ್ದಾಯಿತು. ಆ ಸಾಲಿನಲ್ಲಿ ಇನ್ನೂ ಇಪ್ಪತ್ತಮೂರು ಮನೆಗಳಿದ್ದವು. ಕೆಲವು ಬಾಗಿಲುಗಳು ತೆರೆದೇ ಇದ್ದವು, ಒಳಗೆ ಮಾತು ಕೇಳುತ್ತಿತ್ತು. ಬೀದಿಯ ಕೊನೆಯ ತನಕ ನಡೆದೆ. ಬೇರೆ ಯಾವ ಬಾಗಿಲನ್ನೂ ತಟ್ಟಲಿಲ್ಲ.